ಅಷ್ಟಮಿ ಚಂದ್ರನ ಪ್ಲೇಟು

ಜಮಖಂಡಿಯಲ್ಲಿ ಗಿರಮಲ್ಲಪ್ಪನ ಫೋಟೋ ಸ್ಟುಡಿಯೋಕ್ಕೆ ಹೆಸರು ಬಂದದ್ದು ಅವನ ಕ್ಯಾಮೆರಾದಿಂದ ಅಲ್ಲ, ಅವನ ಹೆಂಡತಿ ಶೇವಂತಿಯ ಪೆನ್ಸಿಲ್ಲಿನಿಂದ. ಈ ಮಾತನ್ನು ಗಿರಮಲ್ಲಪ್ಪನೇ ಗಿರಾಕಿಗಳ ಎದುರು ಸಂಕೋಚವಿಲ್ಲದೆ ಹೇಳುತ್ತಿದ್ದ. ಶೇವಂತಿ ಬನಹಟ್ಟಿಯ ನೇಕಾರರ ಮನೆಯ ಮಗಳು. ಮಗ್ಗದ ಮೇಲೆ ಹರಿದ ಎಳೆಯನ್ನು ಗಂಟು ಕಾಣದಂತೆ ಕೂಡಿಸುತ್ತ ಬೆಳೆದ ಬೆರಳುಗಳು ಅವಳವು. ಮದುವೆಯಾಗಿ ಬಂದ ಎರಡನೆಯ ವರ್ಷ ಗಂಡ ಅವಳ ಕೈಗೆ ಒಂದು ಪೆನ್ಸಿಲ್ಲು, ಒಂದು ಸಣ್ಣ ಚಾಕು, ಒಂದು ಭೂತಗನ್ನಡಿ ಕೊಟ್ಟು ಟಚಿಂಗ್ ಕೆಲಸ ಕಲಿಸಿದ. ಆರು ತಿಂಗಳಲ್ಲಿ ಅವಳು ಅವನನ್ನು ಮೀರಿಸಿದಳು.

ಆಗ ಫೋಟೋ ಬೀಳುತ್ತಿದ್ದದ್ದು ಗಾಜಿನ ಪ್ಲೇಟಿನ ಮೇಲೆ. ಪ್ಲೇಟಿನಲ್ಲಿ ಎಲ್ಲವೂ ತಿರುವುಮುರುವು. ಕರಿಯದು ತಿಳಿಯಾಗಿ, ಬಿಳಿಯದು ಕಪ್ಪಾಗಿ ಕಾಣುತ್ತಿತ್ತು. ಮುಖದ ಮೇಲೊಂದು ಕುಳಿ ಇದ್ದರೆ ಅದರ ನೆರಳು ಪ್ಲೇಟಿನಲ್ಲಿ ತಿಳಿ ಚುಕ್ಕೆಯಾಗಿ ನಿಲ್ಲುವುದು. ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಆ ಚುಕ್ಕೆಯನ್ನು ತುಂಬಿದರೆ ಕಾಗದದ ಮೇಲೆ ಕುಳಿ ಮಾಯ. ಕಪ್ಪು ಕೂತಿದ್ದಲ್ಲಿ ಚಾಕುವಿನಿಂದ ಹೆರೆದರೆ ಅದೂ ಮಾಯ. ಮೈಲಿಬೇನೆ, ಅಂದರೆ ಸಿಡುಬು, ಇನ್ನೂ ಊರೂರು ತಿರುಗುತ್ತಿದ್ದ ಕಾಲ. ವರನ ಮನೆಗೆ ಕಳಿಸಲು ಮಗಳ ಫೋಟೋ ತೆಗೆಸಲು ಬಂದವರು ಗಿರಮಲ್ಲಪ್ಪನ ಕಡೆ ನೋಡುತ್ತಲೇ ಇರಲಿಲ್ಲ. ಸೀದಾ ಒಳಗೆ ಬಂದು, "ಅಕ್ಕಾರ, ಹುಡುಗಿ ಮಾರಿ ಒಂದೀಟ ಛಲೋ ಮಾಡಿ ಕೊಡ್ರಿ" ಎನ್ನುವರು. ಶೇವಂತಿ ಕಿಟಕಿಯ ಪಕ್ಕದ ಓರೆ ಮೇಜಿಗೆ ಕುಳಿತು, ಉಸಿರು ಹಿಡಿದು, ಒಂದೊಂದೇ ಕುಳಿ ಮುಚ್ಚುತ್ತಿದ್ದಳು. ಇದು ಪುಣ್ಯದ ಕೆಲಸವೆಂದೇ ಅವಳ ನಂಬಿಕೆ. ಎಷ್ಟೋ ಹೆಣ್ಣುಮಕ್ಕಳ ಮದುವೆ ತನ್ನ ಬೆರಳ ತುದಿಯಿಂದ ಆಯಿತೆಂದು ಒಳಗೊಳಗೇ ಹಿಗ್ಗುತ್ತಿದ್ದಳು.

ಅರವತ್ತೇಳನೆಯ ಇಸವಿಯ ಚಳಿಗಾಲದಲ್ಲಿ ಪರಮಾನಂದ ಮಾಸ್ತರರು ಸ್ಟುಡಿಯೋಕ್ಕೆ ಬಂದರು. ಮುಧೋಳ ಕಡೆಯವರು, ಜಮಖಂಡಿಯ ಸಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಮಿತಭಾಷಿ. ಎಂಟು ತಿಂಗಳು ಮನೆಯಲ್ಲಿ ಕೂತು ದಪ್ಪ ಗಾಜನ್ನು ಪುಡಿ ಹಾಕಿ ತಿಕ್ಕಿ ತಿಕ್ಕಿ ಬಟ್ಟಲಿನಂತೆ ಮಾಡಿ, ಅದನ್ನು ತಗಡಿನ ಕೊಳವೆಯಲ್ಲಿ ಕೂರಿಸಿ ಒಂದು ದುರ್ಬೀನು ಕಟ್ಟಿದ್ದರು. ಈಗ ಅವರಿಗೆ ಅದರಿಂದ ಚಂದ್ರನ ಫೋಟೋ ಬೇಕಾಗಿತ್ತು. ಬೀಳಗಿಯಲ್ಲಿ ಸುತ್ತಿನ ತಾಲೂಕುಗಳ ಸಾಲೆಗಳದೊಂದು ವಿಜ್ಞಾನ ಪ್ರದರ್ಶನವಿತ್ತು; ಅಲ್ಲಿ ಇಡುವ ಆಸೆ.

"ಹುಣಿವಿಗೆ ತಗಿಯೋಣ ಬಿಡ್ರಿ ಮಾಸ್ತರ, ತುಂಬಿದ ಚಂದ್ರ ಸಿಗತಾನ" ಎಂದ ಗಿರಮಲ್ಲಪ್ಪ.

"ಹುಣಿವಿಗೆ ಏನೂ ಕಾಣಂಗಿಲ್ಲರೀ, ಬರೇ ಬೆಳಕು. ಅಷ್ಟಮಿಗೆ ಬೇಕು. ಬಿಸಲ ಓರೆ ಬಿದ್ದಾಗ ಎಲ್ಲಾ ಸ್ಪಷ್ಟ ಕಾಣತೈತಿ. ಹೊತ್ತು ಮುಳುಗೂದ್ರಾಗ ಚಂದ್ರ ನೆತ್ತಿ ಮ್ಯಾಲೆ ಇರ್ತಾನ."

ಏನು ಸ್ಪಷ್ಟ ಕಾಣುತ್ತದೆಂದು ಗಿರಮಲ್ಲಪ್ಪ ಕೇಳಲಿಲ್ಲ. ಸ್ಟುಡಿಯೋದ ಮಾಳಿಗೆಯ ಮೇಲೆ ದುರ್ಬೀನು ಏರಿತು. ಅದರಲ್ಲಿ ಕಣ್ಣು ಹಚ್ಚಿ ನೋಡುವ ಕಡೆಗೆ ಗಿರಮಲ್ಲಪ್ಪನ ಕಟ್ಟಿಗೆ ಕ್ಯಾಮೆರಾವನ್ನು, ಕ್ಯಾಮೆರಾದ ಕಣ್ಣುಗಾಜು ಕಿತ್ತು, ಜೋಡಿಸಿದರು. ಮೂರು ದಿನ ಸಂಜೆ ಇಬ್ಬರೂ ಅಲ್ಲೇ. ಮಾಸ್ತರರು ಕೊಳವೆಯ ಮುಂದೆ ಕರಿ ರಟ್ಟು ಹಿಡಿದು ನಿಲ್ಲುವರು, ಉಸಿರು ಬಿಗಿಹಿಡಿದು ರಟ್ಟನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ಸರಿಸುವರು, ಮತ್ತೆ ಮುಚ್ಚುವರು. ಮೊದಲಿನ ನಾಲ್ಕು ಪ್ಲೇಟು ಹಾಳಾದವು. ಒಂದು ಗಾಳಿಗೆ ಅಲುಗಿತು, ಒಂದು ಕೆಳಗೆ ಬಸ್ಸು ಹೋದ ಅದುರಿಗೆ ಕಲಸಿತು, ಇನ್ನೆರಡು ಮಬ್ಬಾದವು. ಶೇವಂತಿ ಕೆಳಗಿನಿಂದ ಚಹಾ ಕಳಿಸುತ್ತಿದ್ದಳೇ ಹೊರತು ಒಮ್ಮೆಯೂ ಮೇಲೆ ಹೋಗಲಿಲ್ಲ. ಗಂಡಸರ ಹುಚ್ಚಾಟವೆಂದು ಅವಳಿಗೆ ನಗು.

ಬುಧವಾರ ಅಷ್ಟಮಿ. ಐದನೆಯ ಪ್ಲೇಟನ್ನು ತೊಳೆದು ಬೆಳಕಿಗೆ ಹಿಡಿದ ಮಾಸ್ತರರು ಗಿರಮಲ್ಲಪ್ಪನ ಭುಜ ಗಟ್ಟಿಯಾಗಿ ಒತ್ತಿದರು. ಹಳೆಯ ಬೆಳ್ಳಿ ರೂಪಾಯಿಯಷ್ಟು ಅಗಲದ ಅರ್ಧ ಚಂದ್ರ ಪ್ಲೇಟಿನ ಮೇಲೆ ಚೊಕ್ಕವಾಗಿ ಕೂತಿದ್ದ.

ಮರುದಿನ ಬೆಳಿಗ್ಗೆಯೇ ಗಿರಮಲ್ಲಪ್ಪನಿಗೆ ಲೋಕಾಪುರದಲ್ಲಿ ಮದುವೆಯ ಕೆಲಸವಿತ್ತು. ಬಸ್ಸಿಗೆ ಓಡುವಾಗ ಹೆಂಡತಿಗೆ ಹೇಳಿದ: "ಏ ಶೇವಂತಿ, ಮಾಸ್ತರ ಪ್ಲೇಟು ಒಣಗೇತಿ. ಶನಿವಾರ ಬರತಾರ. ಛಲೋತ್ನ್ಯಾಂಗ ಮಾಡಿ ಇಡು."

ಜೋಪಾನವಾಗಿಡು ಎಂಬುದು ಅವನ ಅರ್ಥ. ಆದರೆ ಹದಿನಾರು ವರ್ಷದಿಂದ ಆ ಮನೆಯಲ್ಲಿ 'ಛಲೋ ಮಾಡು' ಎಂದರೆ ಒಂದೇ ಅರ್ಥ.

ಶೇವಂತಿ ಪ್ಲೇಟನ್ನು ಮೇಜಿನ ಚೌಕಟ್ಟಿಗೆ ಸಿಕ್ಕಿಸಿ ಭೂತಗನ್ನಡಿ ಹಿಡಿದಳು. ಹಿಡಿದವಳೇ, "ಸುಡ್ಲಿ ಈ ಬಾವಿ ನೀರು!" ಎಂದಳು. ಪ್ಲೇಟಿನ ತುಂಬ ದುಂಡು ದುಂಡು ಗುರುತು. ಅವರ ಬಾವಿಯದು ಸವಳು ನೀರು. ತೊಳೆದ ಪ್ಲೇಟಿನ ಮೇಲೆ ಹನಿ ನಿಂತು ಒಣಗಿದರೆ ಇಂಥದೇ ಉಂಗುರದ ಕಲೆ ಬೀಳುತ್ತಿತ್ತು. ಅದಕ್ಕಾಗಿ ಗಂಡಹೆಂಡಿರಲ್ಲಿ ಎಷ್ಟೋ ಸಲ ಜಗಳವೂ ಆಗಿತ್ತು. ಆದರೆ ಇಷ್ಟು ಕಲೆ ಅವಳು ಎಂದೂ ಕಂಡಿರಲಿಲ್ಲ. ದೊಡ್ಡವು, ಸಣ್ಣವು, ಒಂದರೊಳಗೊಂದು ಹೊಕ್ಕವು. ಚಂದ್ರನ ಕತ್ತಲೆಯ ಅಂಚಿನುದ್ದಕ್ಕೂ ಎಳ್ಳು ಚೆಲ್ಲಿದಂತೆ ಒತ್ತೊತ್ತಾಗಿ ಕೂತಿದ್ದವು. ಮೂರು ಸಂಜೆ ಕಷ್ಟಪಟ್ಟ ಮಾಸ್ತರರನ್ನು ನೆನೆದು ಅವಳಿಗೆ ಮರುಕವಾಯಿತು. ಅವರು ಬರುವುದರೊಳಗೆ ತೆಗೆದುಬಿಡಬೇಕು.

ಎರಡು ದಿನ ಕೂತಳು. ಅಡುಗೆಯೂ ಹೊತ್ತಿಗೆ ಆಗಲಿಲ್ಲ. ಒಂದೊಂದು ಉಂಗುರದ ಒಳಗನ್ನೂ ಪೆನ್ಸಿಲ್ಲಿನಿಂದ ತುಂಬಿ ಸುತ್ತಲಿನ ಬಣ್ಣಕ್ಕೆ ಕೂಡಿಸಿದಳು. ಚಂದ್ರನೊಳಗಿನ ಮೊಲವನ್ನು ಮಾತ್ರ ಮುಟ್ಟಲಿಲ್ಲ. ಅದು ಇರುವುದೇ ಅಲ್ಲವೇ. ಕತ್ತಲೆಯ ಭಾಗದಲ್ಲಿ, ತಿಳಿ ಗಾಜಿನ ಮೇಲೆ ಧೂಳಿನ ಕಣದಂಥ ಮೂರು ಕರಿ ಚುಕ್ಕೆ ಬಿಡಿಬಿಡಿಯಾಗಿ ಉಳಿದಿದ್ದವು. ಅವನ್ನು ಚಾಕುವಿನ ಮೊನೆಯಿಂದ ಹೆರೆದು ಊದಿದಳು. ಶುಕ್ರವಾರ ಸಂಜೆ ಪೆನ್ಸಿಲ್ಲು ಕೆಳಗಿಟ್ಟಾಗ ಅವಳ ಕುತ್ತಿಗೆ ಸೆಟೆದುಹೋಗಿತ್ತು. ಇಷ್ಟು ನಯದ ಕೆಲಸ ತಾನು ಎಂದೂ ಮಾಡಿರಲಿಲ್ಲವೆಂದು ಸಮಾಧಾನಪಟ್ಟಳು.

ಶನಿವಾರ ಮಧ್ಯಾಹ್ನ ಗಿರಮಲ್ಲಪ್ಪ ಊರಿನಿಂದ ಬಂದ. ಹಿಂದೆಯೇ ಮಾಸ್ತರರು, ಅವರ ಹೆಂಡತಿ ತಂಗೆವ್ವ. ತಂಗೆವ್ವ ಸೆರಗು ಮುಂದೆ ಎಳೆದುಕೊಂಡು ಹೊರಗಿನ ಬೆಂಚಿನ ಮೇಲೆ ಕುಳಿತಳು. ಉಳಿದ ಮೂವರು ಕತ್ತಲೆ ಕೋಣೆ ಹೊಕ್ಕರು. ಗಿರಮಲ್ಲಪ್ಪ ಪ್ಲೇಟನ್ನು ಯಂತ್ರಕ್ಕೆ ಹಾಕಿ, ದೊಡ್ಡ ಕಾಗದಕ್ಕೆ ಬೆಳಕು ಬಿಟ್ಟು, ಕಾಗದವನ್ನು ಔಷಧದ ತಟ್ಟೆಯಲ್ಲಿ ಮುಳುಗಿಸಿದ. ಕೆಂಪು ದೀಪದಲ್ಲಿ ಮೂವರೂ ತಟ್ಟೆಯ ಮೇಲೆ ಬಾಗಿದರು.

ಅರ್ಧ ಚಂದ್ರ ಮೆಲ್ಲಗೆ ಮೂಡಿದ. ಸುಲಿದ ಮೊಟ್ಟೆಯಷ್ಟು ನುಣುಪು.

ಮಾಸ್ತರರು ಕಾದರು. ಇನ್ನೂ ಮೂಡುತ್ತದೆ ಎಂಬಂತೆ ತಟ್ಟೆಯನ್ನು ಅತ್ತಿತ್ತ ತುಳುಕಿಸಿದರು. ಏನೂ ಮೂಡಲಿಲ್ಲ.

"ಗಿರಮಲ್ಲಪ್ಪ, ಇದು ಯಾವ ಪ್ಲೇಟರೀ?"

"ಅದ ಅಲ್ಲೇನ್ರಿ, ಅಷ್ಟಮಿದು."

"ಹಂಗಾದ್ರ ಅವೆಲ್ಲಾ ಎಲ್ಲಿ ಹೋದುವು?"

ಶೇವಂತಿಗೆ ಇನ್ನು ತಡೆಯಲಾಗಲಿಲ್ಲ. "ನಾ ತಗದೇನ್ರಿ ಮಾಸ್ತರ" ಎಂದಳು, ಸಂತೋಷದಿಂದ. "ನೀರಿನ ಕಲಿ ಭಾಳ ಬಿದ್ದಿದ್ದುವು. ಎರಡ ದಿನ ಹಿಡೀತು ನೋಡ್ರಿ. ಒಂದೂ ಬಿಟ್ಟಿಲ್ಲ."

ಮಾಸ್ತರರು ಅವಳ ಕಡೆ ತಿರುಗಿದರು. ಬಾಯಿ ತೆರೆದೇ ಇತ್ತು. ಗೋಡೆಗೆ ಕೈ ಕೊಟ್ಟರು, ಕೈ ಜಾರಿತು, ಹಾಗೇ ಕುಸಿದು ಒದ್ದೆ ನೆಲದ ಮೇಲೆ ಕುಳಿತುಬಿಟ್ಟರು. ಗಿರಮಲ್ಲಪ್ಪ ಗಾಬರಿಯಾಗಿ ಬಾಗಿಲು ತೆರೆದ. ಹಗಲಿನ ಬೆಳಕು ಒಳಗೆ ನುಗ್ಗಿತು. ಹೊರಗಿದ್ದ ತಂಗೆವ್ವ ಓಡಿ ಬಂದು ಹೊಸ್ತಿಲಲ್ಲೇ ನಿಂತಳು.

"ಅಕ್ಕಾರ" ಎಂದರು ಮಾಸ್ತರರು ಕೊನೆಗೆ, "ಅವು ನೀರಿನ ಕಲಿ ಅಲ್ಲರೀ. ಚಂದ್ರನ ಮ್ಯಾಲಿನ ತಗ್ಗು. ಒಂದೊಂದು ನಮ್ಮ ತಾಲೂಕಿನಷ್ಟ ದೊಡ್ಡುವು. ಅವನ್ನ ಹಿಡ್ಯಾಕಂತನ ನಾ ಎಂಟು ತಿಂಗಳು ಗಾಜು ತಿಕ್ಕೇನಿ."

ಶೇವಂತಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ತಾಲೂಕಿನಷ್ಟು! ಇಲ್ಲಿಂದ ಸಾವಳಗಿಯಷ್ಟು, ಅದರಾಚೆಯಷ್ಟು. ಅಂಥವನ್ನು ಅವಳು ಪೆನ್ಸಿಲ್ಲಿನ ತುದಿಯಿಂದ, ಎರಡು ದಿನ, ಒಂದೂ ಬಿಡದೆ ಮುಚ್ಚಿಹಾಕಿದ್ದಳು.

"ಮತ್ತ ಕತ್ತಲಿ ಕಡೆ ಮೂರು ಚುಕ್ಕಿ ಇದ್ದುವಲ್ಲರೀ? ಅವಾದ್ರೂ ಅದಾವೇನು?" ಎಂದು ಮಾಸ್ತರರು ಕೇಳಿದರು.

"ಧೂಳ ಅಂದಕೊಂಡೆ. ಹೆರದ ಬಿಟ್ಟೆ."

ಮಾಸ್ತರರು ಕಣ್ಣು ಮುಚ್ಚಿದರು. "ಅವು ಗುಡ್ಡದ ತುದಿ. ಅಲ್ಲಿ ಆಗಷ್ಟ ಹೊತ್ತು ಹುಟ್ಟಾಕತ್ತಿತ್ತು. ಕೆಳಗೆಲ್ಲಾ ಕತ್ತಲಿ, ತುದಿಗಷ್ಟ ಬಿಸಲ."

ತಂಗೆವ್ವ ಒಳಗೆ ಬಂದು, ತಟ್ಟೆಯಲ್ಲಿ ಕರ್ರಗಾಗತೊಡಗಿದ್ದ ಕಾಗದವನ್ನು ಎರಡು ಬೆರಳಿನಿಂದ ಎತ್ತಿ ನೋಡಿದಳು. ಸೆರಗು ಹಿಂದೆ ಜಾರಿತು.

"ಅಕ್ಕಾರ ಕೈ ಭಾಳ ನುಣುಪು" ಎಂದಳು. "ನನ್ನ ಫೋಟೋನೂ ಇವರ ಮಾಡಿದ್ದು."

ಶೇವಂತಿ ಅವಳ ಮುಖ ನೋಡಿದಳು. ಹಣೆಯಿಂದ ಗಲ್ಲದವರೆಗೆ ಮೈಲಿ ಕಲೆ. ಎಡಗೆನ್ನೆಯ ಮೇಲೆ ಒತ್ತಾಗಿ, ತುಟಿಯ ಮೂಲೆಯಲ್ಲಿ ಆಳದ ಒಂದು. ಶೇವಂತಿ ಗಿರಾಕಿಗಳ ಮುಖ ನೆನಪಿಡುವವಳಲ್ಲ, ಆದರೆ ತಿದ್ದಿದ ಪ್ಲೇಟನ್ನು ಮರೆಯುವವಳೂ ಅಲ್ಲ. ತುಟಿಯ ಮೂಲೆಯ ಆ ಕುಳಿ ಕಂಡದ್ದೇ, ಬಿಳಿ ಕೂದಲು, ಕರಿ ಮುಖದ ತಿರುವುಮುರುವು ಹುಡುಗಿಯೊಬ್ಬಳು ಕಣ್ಣ ಮುಂದೆ ಬಂದಳು. ಹನ್ನೆರಡು ವರ್ಷದ ಹಿಂದಿನ ಪ್ಲೇಟು. ಸಾವಳಗಿ ಹುಡುಗಿ. ಮೂರು ದಿನದ ಕೆಲಸ.

"ಯಾವ ಫೋಟೋ?" ಎಂದರು ಮಾಸ್ತರರು ನೆಲದಿಂದಲೇ.

"ಮುಧೋಳಕ್ಕ ನಿಮ್ಮ ಮನಿಗೆ ಕಳಿಸಿದ್ದು."

"ಆ ಫೋಟೋ ತಗಿಸಿದ ಮ್ಯಾಲೆ ನಿನಗ ಮೈಲಿ ಎದ್ದದ್ದಲ್ಲೇನು?"

"ಯಾರು ಹೇಳಿದ್ರು?"

"ನಿಮ್ಮಪ್ಪ. ಮದಿವಿ ದಿನ, ಸುರಗಿ ನೀರು ಹಾಕಿದಕೂಡ್ಲೆ ನನ್ನ ಬಾಜೂಕ ಕರದು ಹೇಳಿದ್ರು. ಫೋಟೋ ಕಳಿಸಿದ ತಿಂಗಳಕ್ಕ ಹುಡುಗಿಗೆ ಮೈಲಿ ಎದ್ದಿತು, ನಿಮಗ ಹೇಳಾಕ ಬಾಯಿ ಬರಲಿಲ್ಲ ಅಂದ್ರು."

ಈಗ ದಿಗಿಲಾಗುವ ಸರದಿ ತಂಗೆವ್ವನದು. ಕೈಯಲ್ಲಿದ್ದ ಕಾಗದ ತಟ್ಟೆಗೆ ಬಿತ್ತು. "ನನ್ನಪ್ಪ ಹಂಗ ಹೇಳಿದ್ನೇನು? ನನಗ ಮೈಲಿ ಎದ್ದಾಗ ನಾ ಏಳು ವರ್ಷದಾಕಿ. ಸಾವಳಗ್ಯಾಗ ಯಾರಿಗೆ ಕೇಳಿದ್ರೂ ಹೇಳತಿದ್ರು. ನಿಮಗ ಗೊತ್ತಿದ್ದ ಮಾಡಿಕೊಂಡೀರಿ ಅಂತ ನಾ ಇಷ್ಟು ವರ್ಷ ತಿಳಕೊಂಡೇನಿ."

ಮಾಸ್ತರರು ಒದ್ದೆ ನೆಲದ ಮೇಲಿಂದಲೇ ತಲೆ ಎತ್ತಿ ಅವಳನ್ನು ನೋಡಿದರು.

"ಆದ್ರ ಒಂದ ಮಾತು" ಎಂದಳು ತಂಗೆವ್ವ. ದನಿ ಏರಿರಲಿಲ್ಲ, ಆದರೆ ಒಣಗಿತ್ತು. "ಸುರಗಿ ನೀರು ಸುರದು ಮಾರಿಗೆ ಮೆತ್ತಿದ ಅರಿಷಿಣ ತೊಳದಾಗ ನಿಮ್ಮ ಮಾರಿ ನಾ ನೋಡೇನಿ. ಇವತ್ತ ಈ ಚಿತ್ರ ನೋಡಿ ಹೆಂಗ ಆತಲ್ಲ, ಹಂಗ ಆಗಿತ್ತು."

"ನೀ ನೋಡಿದ್ದೇನು?"

"ಎದುರಿಗೇ ಕುಂತಿದ್ನಲ್ಲ. ಹೆಂಗ ನೋಡಂಗಿಲ್ಲ?"

ಶೇವಂತಿಗೆ ತಾನು ಅಲ್ಲಿ ನಿಲ್ಲಬಾರದೆನ್ನಿಸಿತು. ತನ್ನ ಮೇಜಿನಿಂದ ಎದ್ದುಹೋದ ಮುಖಗಳು ಆಮೇಲೆ ಎಲ್ಲಿಗೆ ಹೋಗುತ್ತವೆಂದು ಅವಳು ಯಾವತ್ತೂ ಯೋಚಿಸಿರಲಿಲ್ಲ. ಫೋಟೋ ಹೋಯಿತು, ಮದುವೆಯಾಯಿತು, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದಳು. ಅರಿಷಿಣ ತೊಳೆಯುವ ಗಳಿಗೆ ಒಂದಿರುತ್ತದೆ, ಆಗ ಎದುರಿಗೆ ಕೂತವನ ಮುಖವನ್ನು ಹುಡುಗಿ ನೋಡುತ್ತಾಳೆ ಎಂಬುದು ಹೊಳೆದೇ ಇರಲಿಲ್ಲ. ಹಾಗೆ ಎಷ್ಟು ಹುಡುಗಿಯರು? ಲೆಕ್ಕ ಹಾಕಲು ಹೋಗಿ ಅವಳು ನಡುವೆಯೇ ಬಿಟ್ಟಳು.

ಮೊದಲು ಎಚ್ಚೆತ್ತವನು ಗಿರಮಲ್ಲಪ್ಪ. "ಪೆನ್ಸಿಲ್ ಗೆರಿ ಹೋಗತಾವ್ರಿ ಮಾಸ್ತರ! ಟರ್ಪೆಂಟೈನ್ ಹಚ್ಚಿದ್ರ ಹೋಗತಾವು. ಶೇವಂತಿ, ಬಾಟ್ಲಿ ತಾ!"

ಅವಳು ಹತ್ತಿಯ ತುಣುಕನ್ನು ಟರ್ಪೆಂಟೈನಿನಲ್ಲಿ ಅದ್ದಿ ಪ್ಲೇಟಿನ ಮೇಲೆ ಆಡಿಸಿದಳು. ಎರಡು ದಿನದ ಕೆಲಸ ನಿಮಿಷದಲ್ಲಿ ಕರಗಿತು. ಒಂದೊಂದೇ ಉಂಗುರ ತಿರುಗಿ ಬಂತು. ಬಾರದೆ ಉಳಿದದ್ದು ಆ ಮೂರು ಚುಕ್ಕೆ ಮಾತ್ರ. ಹೆರೆದದ್ದು ಹೆರೆದಂತೆಯೇ.

"ಅವು ಇಲ್ಲಾಂದ್ರ ಯಾರಿಗೆ ಗೊತ್ತಾಗತೈತಿ ಬಿಡ್ರಿ" ಎಂದ ಗಿರಮಲ್ಲಪ್ಪ.

ಮಾಸ್ತರರು ಹೆಂಡತಿಯ ಕಡೆಯೇ ನೋಡುತ್ತಿದ್ದರು.

ಎರಡನೆಯ ಕಾಗದ ಒಣಗುವ ಹೊತ್ತಿಗೆ ಸಂಜೆಯಾಯಿತು. ದುರ್ಬೀನು ಇನ್ನೂ ಮಾಳಿಗೆಯ ಮೇಲೆಯೇ ಇತ್ತು. "ನನಗ ಒಮ್ಮೆ ತೋರಸ್ರಿ ಮಾಸ್ತರ" ಎಂದಳು ಶೇವಂತಿ. "ನಾ ಏನ ಮುಚ್ಚೇನಿ ಅನ್ನೂದಾದ್ರೂ ನೋಡತೇನಿ."

ತಂಗೆವ್ವನೂ ಹಿಂದೆ ಹತ್ತಿದಳು. ಏಕಾದಶಿಯ ಚಂದ್ರ ಮೂಡಣಕ್ಕೆ ಎತ್ತರದಲ್ಲಿದ್ದ. ಮಾಸ್ತರರು ಕೊಳವೆ ತಿರುಗಿಸಿ ಸರಿಮಾಡುವಾಗ ತಂಗೆವ್ವ ಅಂದಳು: "ಈ ದುರ್ಬೀನು ಆರು ತಿಂಗಳದಿಂದ ನಮ್ಮ ಮನ್ಯಾಗ ಐತ್ರಿ ಅಕ್ಕಾರ. ಸಾಲಿ ಹುಡುಗೂರು, ಓಣಿ ಮಂದಿ ಎಲ್ಲಾರೂ ನೋಡ್ಯಾರ. ನನಗ ಒಂದ ದಿನ ಬಾ ಅನ್ನಲಿಲ್ಲ."

ಮಾಸ್ತರರ ಕೈ ನಿಂತಿತು. "ಹೆಂಗ ಕರೀಲಿ?" ಎಂದರು. "ಇದನ್ನ ನಿನಗ ತೋರಿಸಿದ್ರ ನೀ ಏನ ತಿಳಕೋತಿ ಅಂತ ಅಂಜಿದೆ. ಹೆಣ್ತಿ ಮಾರಿ ಚಂದ್ರನಂಗ ಐತಿ ಅಂತ ಮಂದಿ ಹೇಳತಾರಲ್ಲ. ನಾ ಹಂಗ ಚ್ಯಾಷ್ಟಿ ಮಾಡಾಕತ್ತೇನಿ ಅಂದಕೊಂಡೀ ಅಂತ."

ತಂಗೆವ್ವ ಅವರನ್ನು ದಿಟ್ಟಿಸಿದಳು. "ಇದಕ್ಕ?"

"ಇದಕ್ಕ."

"ಆರು ತಿಂಗಳು?"

ಮಾಸ್ತರರು ತಲೆ ತಗ್ಗಿಸಿದರು. ತಂಗೆವ್ವ ಬಾಗಿ ಗಾಜಿಗೆ ಕಣ್ಣು ಹಚ್ಚಿದಳು. "ಯವ್ವಾ!" ಎಂದು ಹಿಂದೆ ಸರಿದಳು. ಮತ್ತೆ ಬಾಗಿದಳು. ಬಹಳ ಹೊತ್ತು ನೋಡಿದಳು.

"ಇಷ್ಟ ತಗ್ಗಿನ್ಯಾಗ ಒಂದ ಹನಿ ನೀರಿಲ್ಲೇನ್ರಿ?" ಎಂದು ಕೇಳಿದಳು.

"ಇಲ್ಲ."

"ಥೂ. ಇದ್ದೂ ಏನ ಉಪಯೋಗ."

ಮಾಸ್ತರರು ನಕ್ಕರು. ನಗು ಅರ್ಧಕ್ಕೇ ಒಡೆದು ಬೇರೇನೋ ಆಯಿತು. ಕತ್ತಲಾಗುತ್ತಿದ್ದುದರಿಂದ ಯಾರಿಗೂ ಅವರ ಮುಖ ಸರಿಯಾಗಿ ಕಾಣಲಿಲ್ಲ.

ಆಮೇಲೆ ಶೇವಂತಿಯ ಸರದಿ. ಪ್ಲೇಟಿನಲ್ಲಿ ಕಂಡದ್ದೇ ಕಾಣುತ್ತದೆಂದು ಬಾಗಿದಳು. ಆದರೆ ಪ್ಲೇಟು ಚಪ್ಪಟೆ, ಇದು ಚಪ್ಪಟೆಯಲ್ಲ. ಬಾವಿಯ ಕಟ್ಟೆಗೆ ಎದೆ ಹಚ್ಚಿ ಒಳಗೆ ಇಣುಕಿದ ಹಾಗೆ, ಒಂದೊಂದು ತಗ್ಗಿನ ಗೋಡೆಯೂ ಕೆಳಗಿಳಿದು ನೆರಳಿನಲ್ಲಿ ಮುಳುಗಿತ್ತು. ಬೀಳುತ್ತೇನೆಂದು ಅವಳು ಕೊಳವೆಯನ್ನೇ ಅಪ್ಪಿದಳು. ಚಿತ್ರ ಅಲುಗಿ ಓಡಿಹೋಯಿತು.

"ಮಾಸ್ತರ, ನಾ ಹೆರದದ್ದು ಎಲ್ಲಿ?"

"ಅಲ್ಲೀಗ ಹಗಲಾಗೇತ್ರಿ ಅಕ್ಕಾರ. ಗುಡ್ಡ ಬ್ಯಾರೆ ಕಾಣಂಗಿಲ್ಲ."

ಮಂಗಳವಾರ ಬೀಳಗಿಯಲ್ಲಿ ಆ ಫೋಟೋ ಗೋಡೆಯ ಮೇಲೆ ನಿಂತಿತು. ಮಾಸ್ತರರು ಅದರ ಕೆಳಗೆ ಚೀಟಿ ಅಂಟಿಸಿದ್ದರು: ಕತ್ತಲೆಯ ಭಾಗದಲ್ಲಿ ಮೂರು ಬೆಟ್ಟದ ತುದಿಗಳಿದ್ದವು, ಪ್ಲೇಟು ತಿದ್ದುವಾಗ ಅಳಿದುಹೋಗಿವೆ. ಚೀಟಿ ಬೇಡವೆಂದು ಗಿರಮಲ್ಲಪ್ಪ ಪರಿಪರಿಯಾಗಿ ಹೇಳಿದ್ದ, ಕೇಳಲಿಲ್ಲ. ತೀರ್ಪು ಕೊಡಲು ಬಂದ ಸಾಹೇಬರು ಚೀಟಿ ಓದಿ, ತಿದ್ದಿದ ಫೋಟೋಕ್ಕೆ ಬಹುಮಾನ ಹೇಗೆ ಕೊಡುವುದೆಂದು ಕೇಳಿ, ನೀರೆತ್ತುವ ಯಂತ್ರ ಮಾಡಿದ ಬೇರೆ ಸಾಲೆಗೆ ಕೊಟ್ಟು ಹೋದರು. ಮಂದಿ ಮಾತ್ರ ಚಂದ್ರನ ಮುಂದೆಯೇ ಗುಂಪುಗೂಡಿದ್ದರು. ಇದು ಚಂದ್ರ ಅಲ್ಲವೆಂದು ಜಗಳಕ್ಕೆ ನಿಂತವರಿಗೆ ತಂಗೆವ್ವನೇ ಮುಂದೆ ಬಂದು, "ನಾ ಕಣ್ಣಾರೆ ನೋಡೇನಿ, ಖರೆ ಐತಿ" ಎಂದು ಹೇಳಿದಳಂತೆ. ಗಿರಮಲ್ಲಪ್ಪ ಬಂದು ವರದಿ ಮಾಡಿದ.

ಹತ್ತು ದಿನ ಶೇವಂತಿ ಓರೆ ಮೇಜಿಗೆ ಕೂಡಲಿಲ್ಲ. ಹನ್ನೊಂದನೆಯ ದಿನ ರನ್ನ ಬೆಳಗಲಿಯಿಂದ ಮುದಕಪ್ಪನೆಂಬ ರೈತ ಮಗಳು ಲಗಮವ್ವನನ್ನು ಕರೆದುಕೊಂಡು ಬಂದ. ಹುಡುಗಿಗೆ ಹದಿನೇಳಿರಬಹುದು, ಎರಡೂ ಕೆನ್ನೆಯ ಮೇಲೆ ಕಲೆ. ಮುದಕಪ್ಪ ಎಲ್ಲರಂತೆ ಒಳಗೆ ಬಂದು ಕೇಳಿಕೊಂಡ.

"ನಿನಗ ಹೆಂಗ ಬೇಕವ್ವ?" ಎಂದು ಶೇವಂತಿ ಹುಡುಗಿಯನ್ನೇ ಕೇಳಿದಳು.

ಹುಡುಗಿ ಬೆರಗಾದಳು. ಇಂಥದನ್ನು ಅವಳನ್ನು ಯಾರೂ ಕೇಳಿರಲಿಲ್ಲ. "ನನಗೇನ ಕೇಳತೀರಿ? ಅಪ್ಪಗ ಕೇಳ್ರಿ."

"ಆಕಿಗೇನ ತಿಳೀತೈತ್ರಿ" ಎಂದ ಮುದಕಪ್ಪ. "ವರದ ಕಡ್ಯಾವರು ಒಪ್ಪಬೇಕಲ್ಲ."

ಅವನ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಶೇವಂತಿಗೂ ಅದು ಗೊತ್ತಿತ್ತು. ಎರಡು ಪ್ಲೇಟು ತೆಗೆಸಿದಳು. ಒಂದನ್ನು ಮೊದಲಿನಂತೆ ತಿದ್ದಿದಳು, ಕೈ ಹಿಂದಿನಷ್ಟು ಚುರುಕಾಗಿ ಓಡಲಿಲ್ಲ. ಇನ್ನೊಂದನ್ನು ಮುಟ್ಟಲಿಲ್ಲ. ವಾರ ಬಿಟ್ಟು ತಂದೆ ಮಗಳು ಬಂದಾಗ ಎರಡೂ ಫೋಟೋ ಮುಂದಿಟ್ಟು, ಸಾವಳಗಿ ಹುಡುಗಿಯೊಬ್ಬಳ ಸುರಗಿಯ ಕತೆಯನ್ನು ಹೆಸರು ಹೇಳದೆ ಹೇಳಿದಳು. "ವರಗ ಎರಡೂ ಕಳಸ್ರಿ. ಈಗ ಬ್ಯಾಡ ಅಂದ್ರ ಅನ್ನಲಿ. ಅರಿಷಿಣ ತೊಳದ ಮ್ಯಾಲೆ ಅನ್ನೂದು ಬ್ಯಾಡ."

ಮುದಕಪ್ಪ ಬಹಳ ಹೊತ್ತು ತಲೆ ಕೆರೆದುಕೊಂಡ. ಕೊನೆಗೆ ತಿದ್ದಿದ ಫೋಟೋ ತೆಗೆದು ಕಿಸೆಯಲ್ಲಿಟ್ಟ. "ಇದು ಬ್ಯಾಡ್ರಿ ಅಕ್ಕಾರ" ಎಂದು ಇನ್ನೊಂದನ್ನು ಅವಳ ಕಡೆ ಸರಿಸಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ನಡೆದ.

ಲಗಮವ್ವ ಹಿಂದೆ ಉಳಿದಳು. ಮೇಜಿನ ಮೇಲೆ ಬಿದ್ದಿದ್ದ ಫೋಟೋವನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು ನೋಡಿದಳು, ತನ್ನನ್ನು ಮೊದಲ ಸಲ ನೋಡುವವಳಂತೆ. ಹೊರಗಿನಿಂದ ಅಪ್ಪ ಕೂಗಿದ. ಹುಡುಗಿ ಥಟ್ಟನೆ ಫೋಟೋವನ್ನು ಸೆರಗಿನೊಳಗೆ ಮುಚ್ಚಿಕೊಂಡು, ಶೇವಂತಿಯ ಕಡೆ ತಿರುಗಿಯೂ ನೋಡದೆ, ಓಡಿದಳು.